ನೀರು ನೋಡಿ ರೆಕ್ಕೆ

ನಮ್ಮ ಭಾವನವರು ಯಾವ ನೀರನ್ನೂ ಸುಮ್ಮನೆ ನೋಡಿದವರಲ್ಲ. ಕೆರೆ, ಕಾಲುವೆ, ಹೊಳೆಯ ಮಾತು ಹಾಗಿರಲಿ, ಸಾರಿನ ಕೊಳಗದಲ್ಲಿ ಸೌಟು ತಿರುಗುವುದನ್ನು ಕಂಡರೂ ಅವರ ಹುಬ್ಬು ಮೇಲೇರುತ್ತದೆ. ಕಂಪ್ಲಿಯಲ್ಲಿ ಒಂದು ಮದುವೆಯ ಊಟ. ಬಡಿಸುವವನನ್ನು ತಡೆದು ನಿಲ್ಲಿಸಿ, ಕೊಳಗದೊಳಗೆ ಇಣುಕಿ, ಗಂಭೀರವಾಗಿ ಹೇಳಿದರು: "ಇದಕ್ಕ ಮೂರೆಸಳಿಂದೇ ಬೇಕು." ಬಡಿಸುವವನು ಏನೆಂದುಕೊಂಡನೋ ಪಾಪ, ಮೂರು ಸೌಟು ಹುಯ್ದು ಮುಂದೆ ಹೋದ!

ಭಾವ ಹೇಳಿದ್ದು ಪ್ರೊಪೆಲ್ಲರಿನ ಮಾತು. ಇವರು ನನ್ನ ಅಕ್ಕನ ಗಂಡ. ಸಂಡೂರಿನ ಕಡೆ ಅದಿರು ಪುಡಿ ಮಾಡುವ ಘಟಕವೊಂದರಲ್ಲಿ ಬಹುಕಾಲ ಫಿಟ್ಟರ್ ಆಗಿದ್ದು, ನಿವೃತ್ತರಾಗಿ ಹೊಸಪೇಟೆಯಲ್ಲಿ ಮನೆ ಮಾಡಿದ್ದಾರೆ. ಅವರಿಗೊಂದು ದೋಣಿಯಿದೆ. ನಾಲ್ಕಡಿ ಉದ್ದ, ಹೊಟ್ಟೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಎಂಜಿನ್. ಅದರಲ್ಲಿ ಯಾರೂ ಕೂರಲಾರರು. ದಡದಲ್ಲಿ ನಿಂತು ರಿಮೋಟಿನಿಂದ ಓಡಿಸಬೇಕು. ದೋಣಿ ಒಂದೇ. ಅದಕ್ಕೆ ಪ್ರೊಪೆಲ್ಲರುಗಳು ಅರವತ್ತೆರಡು! ನಾನು ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ಎಣಿಸದೆ ಹೇಳುವ ಅಭ್ಯಾಸವಿಲ್ಲ.

ಒಂದು ದೋಣಿಗೆ ಅರವತ್ತೆರಡು ಯಾಕೆ ಎಂದು ನಾನೂ ಕೇಳಿದ್ದೆ. ಕೇಳಬಾರದಿತ್ತು. ಪ್ರೊಪೆಲ್ಲರ್ ದೊಡ್ಡದಾದರೆ ಎಂಜಿನ್ ಏದುಸಿರು ಬಿಟ್ಟು ಕಾದುಹೋಗುತ್ತದೆ. ಸಣ್ಣದಾದರೆ ಹಿಡಿತವಿಲ್ಲದೆ ಅರಚುತ್ತ ಸುತ್ತಿ ಕೆಡುತ್ತದೆ. ಎಸಳಿನ ಓರೆ ಹೆಚ್ಚಿದ್ದರೆ ಒಂದು ಸುತ್ತಿಗೆ ದೋಣಿ ಹೆಚ್ಚು ದೂರ ಹೋಗುತ್ತದೆ, ಆದರೆ ಹೊರೆಯೂ ಹೆಚ್ಚು. "ಸ್ಕ್ರೂ ಇದ್ದಂಗಲೇ ಸರ್ವೇಯರ್, ಕಟ್ಟಿಗಿ ಬದ್ಲಿ ನೀರು, ಅಷ್ಟ" ಎಂದರು. ನಾನು ಸರ್ವೆ ಬಿಟ್ಟು ಆರು ವರ್ಷವಾದರೂ ಅವರ ಬಾಯಲ್ಲಿ ನನ್ನ ಹೆಸರು ಅದೇ. ಆ 'ಅಷ್ಟ' ಮುಗಿಯುವಾಗ ಎರಡು ಸಲ ಚಹಾ ಆಗಿತ್ತು.

ಅಂಚೆಯಲ್ಲಿ ಬರುವ ಕಂಚಿನ ಪ್ರೊಪೆಲ್ಲರ್ ಒರಟು ಎರಕ. ಅದನ್ನು ಅರದಿಂದ ಉಜ್ಜಿ, ಅಂಚು ತೆಳುಮಾಡಿ, ಹೊಳಪು ಕೊಟ್ಟು ಸಿದ್ಧಮಾಡಲು ಭಾವನಿಗೆ ಹತ್ತು ದಿನ ಬೇಕು.

"ನನ್ನ ನೋಡಾಕ ಬಂದಾಗ ಹತ್ತು ನಿಮಿಷಕ್ಕ ಎದ್ದು ಹೋದ್ರಿ" ಎಂದು ಅಕ್ಕ ಒಮ್ಮೆ ಅಡಿಗೆಮನೆಯಿಂದಲೇ ಕೂಗಿದಳು. "ಈ ರೆಕ್ಕಿ ನೋಡಾಕ ಹತ್ತು ದಿನ ಏನ್ರಿ?"

"ನಿನ್ನ ಅರ ಹಾಕಿ ತಿದ್ದಾಕ ಬರ್ತಿದ್ದಿಲ್ಲಲ್ಲ! ಅದಕ್ಕ ಜಲ್ದಿ ಮುಗಿಸಿದೆ."

ಆ ಸಂಜೆ ಭಾವನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ತಿದ್ದಿದ ಮೇಲೆ ತೂಕ ನೋಡುವ ವಿಧಿ. ಎರಡು ಶೇವಿಂಗ್ ಬ್ಲೇಡುಗಳನ್ನು ಅಂಚು ಮೇಲಾಗಿ ನಿಲ್ಲಿಸಿ, ನಡುವೆ ಸೂಜಿಯಂಥ ಕಡ್ಡಿಗೆ ಪ್ರೊಪೆಲ್ಲರ್ ಸಿಕ್ಕಿಸಿ ಇಡುತ್ತಾರೆ. ಯಾವ ಎಸಳು ಕೆಳಗೆ ವಾಲುತ್ತದೋ ಅದನ್ನು ಇನ್ನಷ್ಟು ಉಜ್ಜಬೇಕು. ಗಾಳಿ ಆಡಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಮನೆಯ ಫ್ಯಾನುಗಳೆಲ್ಲ ಬಂದ್. ಹೊಸಪೇಟೆಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಎರಡಕ್ಕೆ! ನಾನು ಕಿಟಕಿಯ ಪಕ್ಕ ಕೂತು ಬೆವರು ಒರೆಸುತ್ತ ಒಂದು ನಿಟ್ಟುಸಿರು ಬಿಟ್ಟೆ. ಭಾವ ತಲೆಯೆತ್ತದೆ ಹೇಳಿದರು: "ಉಸ್ರು ಆ ಕಡಿ ಬಿಡಲೇ."

ಮೊದಲ ಪರೀಕ್ಷೆ ಹಿತ್ತಲ ನೀರಿನ ತೊಟ್ಟಿಯಲ್ಲಿ, ಅದು ಮುಗಿದ ಮೇಲೆ ಕೆರೆ ಕಾಲುವೆಗಳಲ್ಲಿ. ಒಮ್ಮೆ ಎಮ್ಮಿಗನೂರಿನ ಕಡೆ ಕಾಲುವೆಯಲ್ಲಿ ಪರೀಕ್ಷೆಯಿತ್ತು. ಹೆಗಲ ಮೇಲೆ ಸನಿಕೆ ಹೊತ್ತ ರೈತರೊಬ್ಬರು ಬಂದು ನಿಂತು ಬಹಳ ಹೊತ್ತು ನೋಡಿದರು.

"ಮೀನ ಹಿಡಿತೈತೇನ್ರಿ?"

"ಇಲ್ರಿ."

"ಔಷಧ ಹೊಡಿತೈತೇನ್ರಿ?"

"ಇಲ್ರಿ."

"ಮತ್ತ ಯಾಕ್ರಿ ಇದು?"

"ರೆಕ್ಕಿ ಸರಿ ಐತೋ ಇಲ್ಲೋ ನೋಡಾಕ್ರಿ."

ರೈತರು ಸನಿಕೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. "ಸರಿ ಇದ್ರ?"

"ಇನ್ನೊಂದು ಹಾಕಿ ನೋಡಾಕ."

ಅವರು ಹೊರಟುಹೋದರು. ನೂರು ಗಜ ಹೋದ ಮೇಲೂ ತಿರುಗಿ ತಿರುಗಿ ನೋಡುತ್ತಿದ್ದರು.

ಪ್ರೊಪೆಲ್ಲರ್ ಸರಿಯಾಗಿದೆಯೇ ಎಂದು ತಿಳಿಯಲು ಈಗ ಮೀಟರುಗಳಿವೆ. ಭಾವ ಯಾವುದನ್ನೂ ಮುಟ್ಟಲಿಲ್ಲ. ಅವರ ಮೀಟರು ಕಿವಿ. ಹಿಂದೆ, ಇಡೀ ಘಟಕದ ಗದ್ದಲದ ನಡುವೆ ನಿಂತು, ಯಾವ ಬೇರಿಂಗ್ ನಾಳೆ ಒಡೆಯುತ್ತದೆ ಎಂದು ಇವತ್ತೇ ಹೇಳುತ್ತಿದ್ದರಂತೆ. ದಡದಲ್ಲೂ ಹಾಗೆಯೇ. ದೋಣಿ ಒಂದು ಸುತ್ತು ಬಂದರೆ ಸಾಕು, "ಅರ್ಧ ಮಿಲಿಮೀಟರ್ ದೊಡ್ಡದಾತು" ಎನ್ನುವರು. ನಾನು ಅಳೆದು ನೋಡಿದ್ದೇನೆ. ತಪ್ಪಿದ್ದೇ ಇಲ್ಲ.

ಕಳೆದ ವರ್ಷದಿಂದ ತಪ್ಪತೊಡಗಿತು. ಯಾವುದನ್ನು ಹಾಕಿದರೂ, "ಎಂಜಿನ್ ಮೆತ್ತಗ ಐತಿ, ಇನ್ನೂ ಸಣ್ಣದು ಹಾಕೂಣು" ಎನ್ನುವರು. ನನ್ನ ಕಿವಿಗೆ ಅದು ಮೆತ್ತಗೆ ಕೇಳುತ್ತಿರಲಿಲ್ಲ. ಆದರೆ ಫಿಟ್ಟರನಿಗೆ ಸರ್ವೇಯರ್ ಎಂಜಿನ್ ಪಾಠ ಹೇಳುವುದುಂಟೇ?

ಆ ಬೆಳಗಿನದನ್ನು ಕಂಡಂತೆಯೇ, ನಿಧಾನವಾಗಿ ಬರೆಯುತ್ತೇನೆ. ಪಾಪಿನಾಯಕನಹಳ್ಳಿಯ ಹತ್ತಿರದ ಕೆರೆ. ದಡದಲ್ಲಿ ನಾವಿಬ್ಬರೇ. ಭಾವ ನೀರಿನ ಅಂಚಿನಲ್ಲಿ ನಿಂತಿದ್ದರು. ನಾನು ಅವರ ಎಡಕ್ಕೆ, ಹತ್ತು ಹೆಜ್ಜೆ ಆಚೆ, ನೀರಿಗೆ ತಾಗಿದ ಬಂಡೆಯ ಮೇಲೆ ಕೂತಿದ್ದೆ. ಅವತ್ತು ಹಾಕಿದ್ದು ಅರವತ್ತೆರಡರಲ್ಲೇ ಸಣ್ಣದು. ಎರಡನೆಯ ಸುತ್ತಿಗೆ ಎಂಜಿನ್ ಕಿವಿ ಸೀಳುವಂತೆ ಅರಚಿತು. ನಾನು ಎದ್ದು ನಿಂತು, "ಭಾವ, ಇಳಸ್ರಿ!" ಎಂದು ಕೂಗಿದೆ. ಅವರು ತಿರುಗಲಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲ ಕೂಗುವಾಗ ನನ್ನ ದನಿ ಒಡೆದಿತ್ತು. ಅವರು ತಲೆಯಾಡಿಸುತ್ತ ವೇಗ ಏರಿಸುತ್ತಲೇ ಇದ್ದರು. ದೋಣಿ ಒಂದು ಅಲೆಯ ಮೇಲೆ ಹಾರಿ, ಪಕ್ಕಕ್ಕೆ ಬಿದ್ದು, ಮುಖ ತಿರುಗಿಸಿ ನೇರ ದಡಕ್ಕೆ ನುಗ್ಗಿತು. ನಾನು ಕೂತಿದ್ದ ಬಂಡೆಗೆ ಬಡಿದು ಮಗುಚಿತು. ಸುತ್ತುತ್ತಲೇ ಇದ್ದ ಪ್ರೊಪೆಲ್ಲರಿಗೂ ನನ್ನ ಮೊಣಕಾಲಿಗೂ ನಡುವೆ ಇದ್ದದ್ದು ಒಂದೂವರೆ ಅಡಿ. ಅದರ ಅಂಚು ಎಷ್ಟು ಹರಿತವೆಂದು ಉಜ್ಜುವಾಗ ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಿತ್ತು.

ಭಾವ ಓಡಿ ಬಂದು ಎಂಜಿನ್ ನಿಲ್ಲಿಸಿದರು. ನನ್ನ ಕಾಲು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಸಿಟ್ಟಿನಿಂದ ನನ್ನ ತೋಳು ಹಿಡಿದು ಅಲುಗಾಡಿಸಿದರು.

"ಲೇ, ಒಂದು ಸಲಾನರ ಒದರಬಾರದೇನಲೇ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗಂಟಲು ಹಿಡಿದುಕೊಂಡದ್ದನ್ನು ನೋಡಿದರು. ಮೆಲ್ಲಗೆ ತೋಳು ಬಿಟ್ಟರು.

"ಎಷ್ಟು ಸಲ ಒದರಿದಿ?"

ನಾನು ಮೂರು ಬೆರಳು ತೋರಿಸಿದೆ.

ಕಿವಿಯ ಡಾಕ್ಟರು ಅಚ್ಚರಿಪಡಲಿಲ್ಲ. ಕಲ್ಲು ಒಡೆಯುವ ಸದ್ದಿನಲ್ಲಿ ಅಷ್ಟು ವರ್ಷ ದುಡಿದವರಿಗೆ ಮೊದಲು ಹೋಗುವುದು ಕೀಚಲು ಸದ್ದೇ ಅಂತೆ. ಎಂಜಿನ್ ಅರಚಿದಷ್ಟೂ ಇವರಿಗೆ ಮೆತ್ತಗೆ ಕೇಳುತ್ತಿತ್ತು! ಕಿವಿಗೆ ಯಂತ್ರ ಹಾಕಿಸಿಕೊಂಡರು. "ಮಾತು ಕೇಳ್ತೈತಿ. ಎಂಜಿನ್ ಮಾತ್ರ ಹಿಟ್ಟಿನ ಗಿರಣಿ ಆಗೈತಿ" ಎಂದರು. ಮೀಟರು ತರಿಸಲೇ ಎಂದೆ. "ನಂಬರ್ ನೋಡಿ ರೆಕ್ಕಿ ಹಾಕಾಕ ನಾನ್ಯಾಕಲೇ ಬೇಕು?" ಎಂದರು. ನನಗಿಂತ ಅವರೇ ಹೆಚ್ಚು ಹೆದರಿದ್ದರು. ಅರವತ್ತೆರಡನ್ನೂ ಒಂದು ಚೀಲಕ್ಕೆ ತುಂಬಿ, ಕಂಚು ಕರಗಿಸುವವನಿಗೆ ಕೊಡುವುದೆಂದು ತೀರ್ಮಾನಿಸಿದರು. ತಿಂಗಳೊಪ್ಪತ್ತು ಮನೆಯಲ್ಲಿ ಅರದ ಸದ್ದಿಲ್ಲ. ಫ್ಯಾನುಗಳೆಲ್ಲ ಹಗಲಿಡೀ ಓಡುತ್ತಿದ್ದವು. ಯಾರಿಗೂ ತಂಪಾಗಲಿಲ್ಲ.

ಚೀಲ ಹೋಗಬೇಕಿದ್ದ ದಿನ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಖಾಲಿ ಮಾಡಲೆಂದು ಭಾವ ಚೀಲದಿಂದ ಕೈಗೆ ಸಿಕ್ಕ ಒಂದು ಪ್ರೊಪೆಲ್ಲರ್ ಸಿಕ್ಕಿಸಿ, ಹಿತ್ತಲಲ್ಲಿ ದೋಣಿಯ ಹಿಂಭಾಗವನ್ನು ನೀರಿನ ತೊಟ್ಟಿಗೆ ಇಳಿಸಿ ಎಂಜಿನ್ ಹಚ್ಚಿದರು. ಅಕ್ಕ ಹಿತ್ತಲ ಬಾಗಿಲಲ್ಲಿ ನಮ್ಮ ಕಡೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು. ತಿರುಗದೆಯೇ ಹೇಳಿದಳು:

"ಅದ್ನ ತಗೀರಿ ಮೊದ್ಲು. ಸಣ್ಣದಾತು, ಜೀವ ಹೋದಂಗ ಒದರತೈತಿ. ದೀಪಾವಳಿಗೆ ಹಾಕಿದ್ರಲ್ಲ, ಎರಡೆಸಳಿಂದು, ಅದು ಭಾಳ ಚಲೋ ಇತ್ತು."

ಭಾವ ಎಂಜಿನ್ ನಿಲ್ಲಿಸಿದರು. "ಏನಂದಿ?"

"ದೀಪಾವಳಿದು ಹಾಕ್ರಿ ಅಂದೆ."

ನನಗೆ ನಂಬಿಕೆಯಾಗಲಿಲ್ಲ. ಚೀಲಕ್ಕೆ ಕೈಹಾಕಿ ಕಣ್ಣಿಗೆ ಬಿದ್ದ ಏಳನ್ನು ತೆಗೆದೆ. ಒಂದೊಂದಾಗಿ ಹಾಕಿ ಓಡಿಸಿದೆವು. ಅಕ್ಕ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಇದು ಮೂರೆಸಳಿಂದು, ಹೊರಿ ಜಾಸ್ತಿ." "ಇದು ಕಾಲುವ್ಯಾಗ ಕಸಕ್ಕ ಸಿಕ್ಕು ಮೂಲಿ ಮುರದಿದ್ದು." "ಇದು ನಮ್ಮ ವಡ್ಡು ಊರಿನ ಚಿಗವ್ವ ಬಂದಾಗ ಓಡಿಸಿದ್ದು, ಪಾಪ ಅಕಿಗೆ ತಲಿಬ್ಯಾನಿ ಬಂದಿತ್ತು." ಆರನ್ನು ಸರಿಯಾಗಿ ಹೇಳಿದಳು. ಏಳನೆಯದಕ್ಕೆ ಸ್ವಲ್ಪ ತಡೆದು, "ಇದು ನಂಗೊತ್ತಿಲ್ಲಪ್ಪ, ಹೊಸದು" ಎಂದಳು. ಭಾವ ಅದನ್ನು ಬಿಚ್ಚಿ ತಿರುಗಿಸಿ ನೋಡಿದರು. ಒಮ್ಮೆಯೂ ನೀರು ಮುಟ್ಟದ್ದು!

"ನಿನಗ ಇದ್ಯಾವಾಗಿಂದ ಗೊತ್ತು?" ಭಾವನ ದನಿ ಬದಲಾಗಿತ್ತು.

"ಹನ್ನೊಂದು ವರ್ಷ ಈ ಸದ್ದು ಬೈದೀನಿ. ಕೇಳದ ಬಯ್ಯಾಕ ಬರ್ತೈತೇನ್ರಿ?"

ಕಂಚು ಕರಗಿಸುವವನು ಬಂದಾಗ ಅವನಿಗೆ ಚಹಾ ಕೊಟ್ಟು ಕಳಿಸಿದೆವು.

ಮೊನ್ನೆ ಭಾನುವಾರ ಬೆಳಿಗ್ಗೆ ಮೂವರೂ ಕೆರೆಗೆ ಹೋದೆವು. ಈ ಸಲ ನಾನು ಇಪ್ಪತ್ತು ಗಜ ದೂರ, ಬೇವಿನ ಮರದ ಹಿಂದೆ ನಿಂತೆ. ಅಕ್ಕ ಕೆರೆಗೆ ಬಂದದ್ದು ಇದೇ ಮೊದಲು. ಭಾವ ದೋಣಿಯಿಂದ ಕಣ್ಣು ತೆಗೆಯುವಂತಿಲ್ಲ. ಸದ್ದಿನಲ್ಲಿ ಅಕ್ಕನ ಮಾತು ಅವರಿಗೆ ಕೇಳುವಂತಿಲ್ಲ. ಹಾಗಾಗಿ ಅವಳು ಅವರ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟಳು. ಒತ್ತಿದರೆ ವೇಗ ಇಳಿಸಬೇಕು, ಎರಡು ಸಲ ತಟ್ಟಿದರೆ ಏರಿಸಬಹುದು. ಇಷ್ಟು ವರ್ಷದ ಸಂಸಾರದಲ್ಲಿ ಬೀದಿಯಲ್ಲಿ ಗಂಡನ ಜೊತೆ ಸಮಕ್ಕೆ ನಡೆದವಳಲ್ಲ, ಯಾವಾಗಲೂ ನಾಲ್ಕು ಹೆಜ್ಜೆ ಹಿಂದೆ. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ದೋಣಿ ನೀರಿನ ಮೇಲೆ ಗೆರೆ ಎಳೆದಂತೆ ಹೋಯಿತು. ಎಂಜಿನ್ ಏದುಸಿರು ಬಿಡಲಿಲ್ಲ, ಅರಚಲಿಲ್ಲ. ಅಕ್ಕ ಎರಡು ಸಲ ತಟ್ಟಿದಳು. ಭಾವ ಏರಿಸಿದರು.

ನಾಲ್ಕು ಸುತ್ತು ಮುಗಿದು ದೋಣಿ ದಡಕ್ಕೆ ಬಂತು. ಎಂಜಿನ್ ನಿಂತಿತು. ಕೆರೆಯೆಲ್ಲ ಸದ್ದಡಗಿತು. ಕೈ ತೆಗೆಯಬೇಕೆಂದು ಅಕ್ಕನಿಗೆ ಹೊಳೆಯಲಿಲ್ಲ. ಹೊಳೆದೀತೆಂದು ಭಾವನೂ ಅಲುಗಾಡಲಿಲ್ಲ.