ಐವತ್ತೇಳು ಕೆ.ಜಿ.ಯೊಳಗಿನ ಹೆಂಡತಿ

ದಸರೆ ಕಳೆದ ಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಸೌಮ್ಯಶ್ರೀ ತನ್ನ ಮುದ್ದೆಯನ್ನು ಮಧ್ಯಕ್ಕೆ ಮುರಿದು ಅರ್ಧವನ್ನು ನನ್ನ ತಟ್ಟೆಗೆ ಹಾಕಿದಳು. ನನಗೆ ಎದೆ ಧಸಕ್ಕೆಂದಿತು. ಟಿ. ನರಸೀಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಹೆಂಗಸು ಮುದ್ದೆ ಮುರಿದು ವಾಪಸು ಕೊಟ್ಟಳೆಂದರೆ ಒಂದೋ ಜ್ವರ, ಇಲ್ಲವೇ ಅತ್ತೆಯ ಮೇಲೆ ಮುನಿಸು. ನನ್ನ ಅಮ್ಮ ಊರಿನಲ್ಲಿದ್ದಳು. ಹಣೆ ಮುಟ್ಟಿ ನೋಡಿದೆ. ಜ್ವರವೂ ಇರಲಿಲ್ಲ.

"ಐವತ್ತೆಂಟೂವರೆ ಇದೀನಿ ಕಣ್ರೀ. ತೂಕ ನೋಡೋ ದಿನಕ್ಕೆ ಐವತ್ತೇಳರೊಳಗೆ ಬರ್ಬೇಕು. ಮೇಡಂ ಹೇಳಿದಾರೆ," ಅಂದಳು.

ಮೇಡಂ ಅಂದರೆ ಜೂಡೊ ಕಲಿಸುವ ಚಾಮುಂಡೇಶ್ವರಿ. ಶ್ರೀರಾಂಪುರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ತರಗತಿ. ಮೊದಲು ಸೇರಿದ್ದು ನಮ್ಮ ಮಗಳು ತೇಜಸ್ವಿನಿ. ಒಂದೇ ವಾರಕ್ಕೆ ಮೈಕೈ ನೋವೆಂದು ಅವಳು ಚಿತ್ರಕಲೆಗೆ ವಲಸೆ ಹೋದಳು. ಕಟ್ಟಿದ ಫೀಸು ದಂಡವಾಗಬಾರದೆಂದು ಅವಳ ಅಮ್ಮ ಹೋದಳು. ಎರಡು ವರ್ಷವಾಯಿತು, ಫೀಸು ಇನ್ನೂ ವಸೂಲಾದಂತಿಲ್ಲ. ಈಗ ಮೂವತ್ತು ದಾಟಿದ ಮಹಿಳೆಯರ ಪಂದ್ಯಾವಳಿಗೆ ಹೆಸರು ಕೊಟ್ಟಿದ್ದಳು.

ಇಲ್ಲೊಂದು ವಿಷಯ ಹೇಳಬೇಕು. ಕಾಲೇಜಿನಲ್ಲಿ ಇವಳು ಜಿಲ್ಲಾ ಕಬಡ್ಡಿಗೆ ಆಯ್ಕೆಯಾಗಿದ್ದವಳು. ಅದೇ ವಾರ ನಮ್ಮ ಮದುವೆ ಗೊತ್ತಾಗಿ, ಕಬಡ್ಡಿ ಅಲ್ಲಿಗೇ ನಿಂತಿತು. (ಬದಲಿಗೆ ನಾನು ಸಿಕ್ಕಿದೆ. ಅವಳ ಮುಖ ನೋಡಿದರೆ ಇದನ್ನು ಲಾಭವೆಂದು ಲೆಕ್ಕ ಹಾಕಿದಂತೆ ಕಾಣುವುದಿಲ್ಲ.) ಹಾಗಾಗಿ ಈ ಸಲ ಇವಳು ಕಣಕ್ಕಿಳಿಯಲೇಬೇಕು, ಗೆಲ್ಲಲೇಬೇಕು ಎಂಬ ಆಸೆ ಅವಳಿಗಿಂತ ನನಗೇ ಒಂದು ಹಿಡಿ ಹೆಚ್ಚಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ ನಾನು. ಕಷ್ಟ ಬಂದಾಗ ಉಳಿದವರು ದೇವರಿಗೆ ಕೈ ಮುಗಿದರೆ ನಾನು ಓದಲು ಕೂರುತ್ತೇನೆ. ಮೊಬೈಲಿನಲ್ಲಿ ಓದುತ್ತ ಹೋದಂತೆ ಮೈ ತಣ್ಣಗಾಯಿತು. ಕುಸ್ತಿ, ಜೂಡೊ, ಕರಾಟೆಯವರು ತೂಕ ಇಳಿಸಲು ಊಟ ಬಿಟ್ಟರೆ ಶಕ್ತಿ ಸಾಲದೆ ತಲೆ ಸುತ್ತುತ್ತದೆ, ಮೂಳೆ ಸವೆಯುತ್ತದೆ, ಪೆಟ್ಟಾದರೆ ಬೇಗ ವಾಸಿಯಾಗುವುದಿಲ್ಲ ಎಂದೆಲ್ಲ ಬರೆದಿತ್ತು. ತಿಳಿದವರ ಮಾತು ಕೇಳಿ ನಿಧಾನವಾಗಿ ಇಳಿಸಿದರೆ ತೊಂದರೆಯಿಲ್ಲ ಎಂದು ಅದರ ಕೆಳಗೇ ಇತ್ತಂತೆ. ನನ್ನ ಗಾಬರಿ ಅಷ್ಟು ಕೆಳಗಿನವರೆಗೆ ಓದಲು ಬಿಡಲಿಲ್ಲ.

ಓದಿದ್ದನ್ನು ಒಂದೂ ಬಿಡದೆ ಅವಳಿಗೆ ಒಪ್ಪಿಸಿದೆ. ಅವಳು ಪಾತ್ರೆ ಎತ್ತಿಡುತ್ತಲೇ ಕೇಳಿಸಿಕೊಂಡಳು. "ಪ್ರಾಕ್ಟೀಸಿಗೆ ಮುಂಚೆ ಬಾಳೆಹಣ್ಣು, ಆದ್ಮೇಲೆ ಎರಡು ಮೊಟ್ಟೆ, ಮಧ್ಯಾಹ್ನ ಮೊಳಕೆ ಹುರುಳಿ, ಚಪಾತಿ. ಇಷ್ಟೆಲ್ಲ ತಿಂತಾ ಇದೀನಿ. ರಾತ್ರಿ ಅರ್ಧ ಮುದ್ದೆ ಬಿಟ್ಟಿದ್ದು ಮಾತ್ರ ನಿಮ್ ಕಣ್ಣಿಗೆ ಬಿತ್ತಾ?"

ಬಿತ್ತು. ಬಿದ್ದದ್ದು ಏಳಲಿಲ್ಲ. ಮಾತಿಗೆ ಬಗ್ಗದವಳನ್ನು ತುಪ್ಪದಿಂದ ಬಗ್ಗಿಸಲು ತೀರ್ಮಾನಿಸಿ, ನಾಳೆಯಿಂದ ಇಬ್ಬರ ಮಧ್ಯಾಹ್ನದ ಡಬ್ಬಿಯನ್ನೂ ನಾನೇ ಕಟ್ಟುತ್ತೇನೆಂದು ಘೋಷಿಸಿದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳಿಗೂ ಆಘಾತವಾಯಿತು.

ಆ ಎರಡು ಸ್ಟೀಲ್ ಡಬ್ಬಿಗಳು ಅವಳ ತವರಿನಿಂದ ಬಂದ ಜೋಡಿ. ಎರಡರ ಮುಚ್ಚಳದ ಮೇಲೂ ಅವಳ ಹೆಸರೇ ಕೊರೆದಿದೆ. (ಈ ಮನೆಯಲ್ಲಿ ನನ್ನ ಹೆಸರಿರುವುದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ.) ಅವಳ ಚಪಾತಿ ಹಿಟ್ಟಿಗೆ ಧಾರಾಳವಾಗಿ ತುಪ್ಪ ಕಲಸಿದೆ. ಅವಳ ಬೀನ್ಸ್ ಪಲ್ಯಕ್ಕೆ ಗೋಡಂಬಿ, ಕೊಬ್ಬರಿ, ಕಡಲೇಬೀಜ ಸೇರಿಸಿ ನುಣ್ಣಗೆ ಅರೆದು ಹಾಕಿದೆ, ಸುಳಿವು ಸಿಗದ ಹಾಗೆ. ನನ್ನ ಡಬ್ಬಿಗೆ ಎಣ್ಣೆ ಕಾಣದ ಚಪಾತಿ, ಬರೀ ಬೀನ್ಸು. ಅವಳದ್ದನ್ನು ಹಸಿರು ಚೀಲದಲ್ಲೂ ನನ್ನದನ್ನು ನೀಲಿ ಚೀಲದಲ್ಲೂ ಇಟ್ಟು ಸ್ನಾನಕ್ಕೆ ಹೋಗುತ್ತಿದ್ದೆ. ಅವಳು ಪಾಠ ಹೇಳಲು ಶಾಲೆಗೆ, ನಾನು ಕುರ್ಚಿ ಕಾಯಲು ಕಚೇರಿಗೆ.

ಭಾನುವಾರ ಅವಳು ತೂಕದ ಯಂತ್ರ ಹತ್ತಿದಳು. ಅರ್ಧ ಕಿಲೋ ಇಳಿದಿತ್ತು. ನಾನು ಗೋಡೆ ಹಿಡಿದುಕೊಂಡೆ. ಅಷ್ಟು ತುಪ್ಪ ಎಲ್ಲಿಗೆ ಹೋಯಿತು? ಜೂಡೊ ಎಂಬುದು ಎಂಥ ಭಯಂಕರ ಒಲೆ, ಎಷ್ಟು ಸೌದೆ ಒಟ್ಟಿದರೂ ಬೂದಿ ಸಹ ಉಳಿಯುವುದಿಲ್ಲವಲ್ಲ ಎಂದು ದಿಗಿಲಾಯಿತು. ಮರುದಿನದಿಂದ ತುಪ್ಪವನ್ನು ಇಮ್ಮಡಿ ಮಾಡಿದೆ. ಮುಂದಿನ ಭಾನುವಾರ ಮತ್ತೂ ಇಳಿದಿದ್ದಳು. ಬೆಲ್ಲವನ್ನೂ ಸೇರಿಸಿದೆ. ಮತ್ತೂ ಇಳಿದಳು.

ಈ ಸಂಕಟದ ನಡುವೆ ನನಗಿದ್ದ ಒಂದೇ ಸಮಾಧಾನ ನನ್ನ ಕೈರುಚಿ. ಎಣ್ಣೆ ಸೋಕದ ಚಪಾತಿ, ಬರೀ ಬೀನ್ಸು, ಆದರೂ ಬಾಯಲ್ಲಿಟ್ಟರೆ ಕರಗುತ್ತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನ ಹುಚ್ಚಯ್ಯನವರು ಒಂದು ತುಂಡು ಬೇಡಿ ತಿಂದು, ನಿಮ್ಮ ಮನೆಯವರ ಅಡುಗೆ ಮದುವೆಮನೆ ಊಟದ ಹಾಗಿದೆ ಎಂದರು. ಮಾಡಿದ್ದು ನಾನು, ಅದೂ ಪಥ್ಯದ ಅಡುಗೆ ಎಂದು ಗಂಭೀರವಾಗಿ ತಿಳಿಸಿದೆ. ಅಷ್ಟರಲ್ಲಿ ಪ್ಯಾಂಟಿನ ಗುಂಡಿ ಹಾಕಿಕೊಳ್ಳುವಾಗ ಉಸಿರು ಹಿಡಿಯಬೇಕಾಗುತ್ತಿತ್ತು. ವಾಷಿಂಗ್ ಮಷೀನ್ ಬಟ್ಟೆ ಕುಗ್ಗಿಸುತ್ತಿದೆಯೆಂದು ರಿಪೇರಿಯವನನ್ನು ಕರೆಸಿದೆ. ನನ್ನ ತೂಕ ನೋಡಿಕೊಳ್ಳುವ ಯೋಚನೆ ಮಾತ್ರ ಬರಲಿಲ್ಲ. ನಾನು ಯಾವ ವಿಭಾಗದಲ್ಲೂ ಸ್ಪರ್ಧಿಸುತ್ತಿರಲಿಲ್ಲ.

ಪಂದ್ಯದ ಬೆಳಿಗ್ಗೆ ಬನ್ನಿಮಂಟಪದ ಕಡೆಯ ಒಂದು ಸಭಾಂಗಣದಲ್ಲಿ ತೂಕ ಪರೀಕ್ಷೆ. ಐವತ್ತೇಳನ್ನು ಕೂದಲೆಳೆಯಷ್ಟು ಮೀರಿದರೂ ಮನೆಗೆ ವಾಪಸ್ಸು. ಬಾಗಿಲ ಹೊರಗೆ ನಿಂತು ನಾನು ಬೆವರುತ್ತಿದ್ದೆ. ಅವಳು ನಗುತ್ತ ಹೊರಗೆ ಬಂದಳು. ಐವತ್ತಾರು ಮುಕ್ಕಾಲು. ಮೇಡಂ ಕೊಟ್ಟ ಬಾಳೆಹಣ್ಣು ತಿನ್ನುತ್ತ, ಮೊಸರನ್ನದ ಡಬ್ಬಿ ಬಿಚ್ಚಿ ಮೆಟ್ಟಿಲ ಮೇಲೆ ಕುಳಿತಳು.

ಇನ್ನು ಗುಟ್ಟು ಕಾಪಾಡುವ ಅಗತ್ಯವಿರಲಿಲ್ಲ. ನನ್ನ ಸಂಶೋಧನೆಯನ್ನು ಮೇಡಂ ಮುಂದೆ ಹೆಮ್ಮೆಯಿಂದ ಮಂಡಿಸಿದೆ. ಇಷ್ಟು ತುಪ್ಪ, ಇಷ್ಟು ಗೋಡಂಬಿ ತಿನ್ನಿಸಿಯೂ ಇವಳು ಇಳಿದಿದ್ದಾಳೆಂದರೆ ನಿಮ್ಮ ಜೂಡೊ ಎಷ್ಟು ಶಕ್ತಿ ಕುಡಿಯುತ್ತದೆ ನೋಡಿ ಎಂದೆ. ಮೇಡಂ ನನ್ನ ಹೆಂಡತಿಯ ಮುಖ ನೋಡಿದರು. ಹೆಂಡತಿ ಮೊಸರನ್ನದ ಮುಖ ನೋಡಿದಳು.

"ಸಾರ್," ಎಂದರು ಮೇಡಂ ಬಹಳ ಮೆತ್ತಗೆ, "ಒಳಗೆ ತೂಕ ನೋಡೋದು ಮುಗೀತು. ಚಪ್ಪಲಿ ಬಿಟ್ಟು ನೀವೂ ಒಂದ್ಸಲ ನಿಂತ್ಕೊಂಡ್ಬುಡಿ."

ನಿಂತೆ. ಬೇಸಿಗೆಯಲ್ಲಿ ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ಎಪ್ಪತ್ತೆರಡಿದ್ದವನು ಎಂಬತ್ತು ಮುಟ್ಟಿದ್ದೆ. ಯಂತ್ರ ಕೆಟ್ಟಿದೆ ಎಂದೆ. ಈಗ ತಾನೇ ಊರ ಹೆಂಗಸರೆಲ್ಲ ಅದರ ಮೇಲೆ ನಿಂತು ಹೋಗಿದ್ದರು, ಯಾರೂ ಹಾಗೆ ಹೇಳಿರಲಿಲ್ಲ.

"ಮೊದಲ್ನೇ ದಿನ ಡಬ್ಬಿ ತೊಳೆಯೋಕೆ ಹೋದ್ರೆ ಕೈಯೆಲ್ಲ ಜಿಡ್ಡು," ಅಂದಳು ಸೌಮ್ಯಶ್ರೀ. "ಮಾರನೇ ದಿನದಿಂದ ನೀವು ಸ್ನಾನಕ್ಕೆ ಹೋದಾಗ ಡಬ್ಬಿ ಅದಲು ಬದಲು ಮಾಡ್ತಿದ್ದೆ. ಒಂದು ತುತ್ತು ತಿಂದ್ರೆ ನಿಮಗೇ ಗೊತ್ತಾಗತ್ತೆ ಅಂದ್ಕೊಂಡೆ. ನೀವು ನೋಡಿದ್ರೆ ಸಾಯಂಕಾಲ ಬಂದು, ಬೀನ್ಸ್ ಎಷ್ಟು ಚೆನ್ನಾಗಿತ್ತಲ್ವಾ ಅಂತ ನನ್ನೇ ಕೇಳ್ತಿದ್ರಿ."

"ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಡಬ್ಬಿ ಕಟ್ಟೋದು ನಿಲ್ಲಿಸ್ಬುಡ್ತಿದ್ರಿ."

ನಾನು ಯಂತ್ರದಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡೆ.

ಮಧ್ಯಾಹ್ನ ಇವಳು ಇಬ್ಬರನ್ನು ಎತ್ತಿ ಒಗೆದಳು. ಮೂರನೆಯವಳು ಇವಳನ್ನು ಒಗೆದಳು. ಕೊರಳಿಗೆ ಬೆಳ್ಳಿ ಪದಕ ಬಿತ್ತು. ಫೋಟೋ ತೆಗೆಯುವಾಗ ನಾನೇ ಕುಣಿದಾಡಿ, ಮೂರು ಫೋಟೋದಲ್ಲೂ ಅವಳ ಹಣೆಯಷ್ಟೇ ಬಂದಿದೆ. ಕಬಡ್ಡಿಯ ಸಾಲ ತೀರಿತು ಅಂದುಕೊಂಡೆ. ಆಗ ಮೇಡಂ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ, ಕುರಿ ಕೊಳ್ಳುವವರು ನೋಡುವ ಹಾಗೆ ನೋಡಿದರು. ಸೌಮ್ಯಂಗೆ ಭಾರದವರ ಜೊತೆ ಅಭ್ಯಾಸ ಸಾಲದು, ತರಗತಿಯಲ್ಲಿ ಇರುವವರೆಲ್ಲ ಸಣಕಲು, ಮುಂದಿನ ಪಂದ್ಯ ಮುಗಿಯುವವರೆಗೆ ನೀವು ದಯವಿಟ್ಟು ತೂಕ ಇಳಿಸಿಕೊಳ್ಳಬೇಡಿ ಎಂದರು. ತಮಾಷೆಯೆಂದು ನಾನು ನಕ್ಕೆ. ಇನ್ಯಾರೂ ನಗಲಿಲ್ಲ.

ಈಗ ಸಾಯಂಕಾಲಗಳಲ್ಲಿ ಆ ತರಗತಿಯ ಚಾವಣಿಯ ಬಿರುಕುಗಳೆಲ್ಲ ನನಗೆ ಪರಿಚಿತ. ಅವಳು ಎತ್ತಿ ಒಗೆದಾಗಲೆಲ್ಲ ಮಲಗಿಕೊಂಡು ನೋಡಿದ್ದು. ನಿನ್ನೆ ಊಟಕ್ಕೆ ಕುಳಿತಾಗ, ಹೀಗಾದರೆ ಉಳಿಗಾಲವಿಲ್ಲವೆಂದು ನನ್ನ ಮುದ್ದೆಯನ್ನು ಮಧ್ಯಕ್ಕೆ ಮುರಿದು ಅರ್ಧವನ್ನು ಅವಳ ತಟ್ಟೆಗೆ ದಾಟಿಸಲು ಕೈ ನೀಡಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಜೂಡೊದಲ್ಲಿ ಹಿಡಿತವೇ ಮುಖ್ಯವಂತೆ.

"ಉಣ್ರೀ," ಅಂದಳು.

ಉಂಡೆ.