ಮಾವ ಆಗಲೇ ಬಂದು ಹೋಗಿದ್ದ

ನಮ್ಮ ಸೋದರಮಾವನಿಗೆ ತಾನು ಯಾರು ಎಂಬುದೊಂದನ್ನು ಬಿಟ್ಟು ಲೋಕದ ಉಳಿದೆಲ್ಲ ವಿಷಯವೂ ಗೊತ್ತಿತ್ತು! ಹಾಸನದ ಕಡೆಯಿಂದ ನಮ್ಮ ಜೊತೆಗೇ ಕುಶಾಲನಗರಕ್ಕೆ ಬಂದು ನೆಲೆಸಿದ್ದ. ಬಾಗಿಲು ತಟ್ಟಿದಾಗ ಅವ್ವ ಒಳಗಿನಿಂದ "ಯಾರು?" ಎಂದರೆ, ಎಲ್ಲರಂತೆ "ನಾನು" ಎನ್ನಬಾರದೆ? ಊಹೂಂ!

"ಅದನ್ನೇ ಯೋಚಿಸ್ತಾ ಇದೀನಿ ಕಣವ್ವ," ಎನ್ನುತ್ತಿದ್ದ, ಮಳೆಯಲ್ಲಿ ತೊಯ್ಯುತ್ತ.

"ಒಳಗ್ ಬಂದು ಯೋಚ್ನೆ ಮಾಡಣ್ಣಯ್ಯ, ಮುದ್ದೆ ಆರ್ತದೆ!"

ಆಗ ಕೊಡಗೇ ಒಂದು ರಾಜ್ಯ. ಕಾವೇರಿ ಸೇತುವೆ ದಾಟಿದರೆ ಮೈಸೂರು. ಆ ದಡದವರಿಗೆ ಮಾವ "ಕೊಡಗಿನವರು", ಈ ದಡದವರಿಗೆ "ಮೈಸೂರು ಕಡೆಯವರು". ಒಮ್ಮೆ ನನ್ನ ಜೊತೆ ಬರುತ್ತಿದ್ದವನು ಸೇತುವೆಯ ನಟ್ಟನಡುವೆ ನಿಂತುಬಿಟ್ಟ. "ಇಲ್ಲಿ ಮಾತ್ರ ನಾನು ಬರೀ ನಾನು ಕಣೋ!" ಹಿಂದೆ ಎತ್ತಿನ ಗಾಡಿ, ಅದರ ಹಿಂದೆ ಕಿತ್ತಳೆ ತುಂಬಿದ ಲಾರಿ. ಮಾವ ಯಾರು ಎಂಬುದನ್ನು ಲಾರಿಯವನು ಮಲಯಾಳದಲ್ಲಿ ಬಹಳ ವಿವರವಾಗಿಯೇ ತಿಳಿಸಿದ!

ಆಮೇಲೆ ಬಂತು ನೋಡಿ, ಮೊದಲ ಚುನಾವಣೆ. ಮಾವನ ಸಂಭ್ರಮ ಹೇಳತೀರದು. "ಸರ್ಕಾರದೋರೇ ನನ್ ಹೆಸರು ಕೂಗಿ, ಹೌದಪ್ಪ, ಇವನೇ ಅವನು ಅಂತಾರೆ. ಅಲ್ಲಿಗೆ ನನ್ನ ಅನುಮಾನ ತೀರ್ತು!" ಕ್ಷೌರ ಮಾಡಿಸಿಕೊಂಡು, ಒಗೆದ ಕೋಟು ತೊಟ್ಟು, ಅವ್ವನನ್ನೂ ನನ್ನನ್ನೂ ಕರೆದುಕೊಂಡು ಮತಗಟ್ಟೆಗೆ ಹೊರಟ. ಮೇಜಿನ ಹಿಂದಿದ್ದವರು ಹೆಸರು ಹುಡುಕಿ ತಲೆಯೆತ್ತಿದರು.

"ನೀವು ಆಗ್ಲೇ ಬಂದು ಓಟು ಹಾಕಿ ಹೋದ್ರಲ್ಲ!"

ಬೇರೆಯವರಾಗಿದ್ದರೆ ರಂಪ ಮಾಡುತ್ತಿದ್ದರು. ನಮ್ಮ ಮಾವ ಆಸೆಯಿಂದ ಬಗ್ಗಿ ಕೇಳಿದ: "ಹೌದಾ? ಹೆಂಗಿದ್ದೆ ಸ್ವಾಮಿ? ಆರೋಗ್ಯವಾಗಿದ್ದೆನಾ?"

ಶಾಯಿಯಿಲ್ಲದ ಬೆರಳು ನೋಡಿ ಅವರೇ ಪೆಚ್ಚಾಗಿ, ಇನ್ನೊಂದು ಚೀಟಿ ಕೊಡಲು ಹೊರಟರು.

"ಬ್ಯಾಡ ಬಿಡಿ. ಒಬ್ಬನಿಗೆ ಒಂದೇ ಓಟಲ್ವಾ!"

ದಾರಿಯುದ್ದಕ್ಕೂ ಅವ್ವ, ಅಣ್ಣನ ಹೆಸರಿನಲ್ಲಿ ಓಟು ಹಾಕಿದ ಆ ಕಳ್ಳನಿಗೆ ಹಿಡಿಶಾಪ ಹಾಕಿದಳು. ಮಾವ ಅವಳನ್ನು ತಡೆದ.

"ಬೈಬ್ಯಾಡ ಕಣವ್ವ. ನಂಗೆ ಹೆಂಡ್ತಿಯಿಲ್ಲ, ಮಕ್ಕಳಿಲ್ಲ, ಜನ ನೋಡಿದ್ರೆ ನಗ್ತಾರೆ. ಇಂಥೋನಾಗ್ಬೇಕು ಅಂತ ಒಂದ್ ಗಳಿಗೆಯಾದ್ರೂ ಒಬ್ಬನಿಗೆ ಅನ್ನಿಸ್ತಲ್ಲ!"

ನಗುತ್ತಲೇ ಹೇಳಿದ. ನನಗೂ ನಗು ಬಂತು. ಅವ್ವನಿಗೆ ಬರಲಿಲ್ಲ. ಅಷ್ಟು ಜನರೆದುರು, ನಡುಬೀದಿಯಲ್ಲಿ, ಅಣ್ಣನ ಕೈ ಹಿಡಿದುಕೊಂಡಳು.

"ಅವ್ನು ಯಾರಾದ್ರೂ ಆಗ್ಲಿ ಅಣ್ಣಯ್ಯ. ನಮಗೆ ನೀನೇ ಬೇಕು," ಎಂದಳು.