ದರ್ಜಿಯ ದೋಣಿ

ಎರಡು ದಿನಕ್ಕೆಂದು ಬಂದಿದ್ದ ಅಕ್ಕ ತನ್ನ ಕುರ್ಚಿಗೆ ಹೊಸ ದಿಂಬು ಹೊಲಿಸಿಕೊಂಡಾಗಲೇ ದರ್ಜಿ ದಿನ ಎಣಿಸುವುದನ್ನು ಬಿಟ್ಟ. ದಿಂಬು ಹೊಲಿಸಿಕೊಂಡವರು ಬೇಗ ಏಳುವುದಿಲ್ಲ.

ಅವಳು ನಿವೃತ್ತ ಹೆಡ್‌ಮಿಸ್ಟ್ರೆಸ್. ಅಂಗಡಿಯ ಬಾಗಿಲಲ್ಲೇ ಕೂತು ಗಿರಾಕಿಗಳನ್ನು ವಿಚಾರಿಸಿಕೊಳ್ಳುವಳು. "ಸೊಂಟ ಮೂವತ್ತು ಅಂತ ಸುಳ್ಳು ಹೇಳ್ಬೇಡಿ. ಇವನು ನಂಬ್ತಾನೆ, ಬಟ್ಟೆ ನಂಬಲ್ಲ." ಆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಭಾನುವಾರ ಅಂಗಡಿಗೆ ರಜೆಯಿತ್ತು, ಅವಳ ಬಾಯಿಗೆ ಇರಲಿಲ್ಲ.

ಅವಳು ಹೆದರುತ್ತಿದ್ದದ್ದು ನೀರಿಗೆ ಮಾತ್ರ. ಬಕೆಟ್ಟಿನಲ್ಲಿರುವ ತನಕ ಸರಿ, ಅದಕ್ಕಿಂತ ದೊಡ್ಡದಾದರೆ ಆ ರಸ್ತೆಯಲ್ಲೇ ನಡೆಯಳು. ವಾರಕ್ಕೊಂದು ದಿನವಾದರೂ ಕಿವಿಗೆ ನೆಮ್ಮದಿ ಸಿಗಲೆಂದು ದರ್ಜಿ ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡ.

"ಮನುಷ್ಯನಿಗೆ ಒಂದು ಗುರಿ ಇರ್ಬೇಕು ಕಣಕ್ಕ. ನಾನು ದೋಣಿ ನಡೆಸೋದು ಕಲೀತೀನಿ. ಇನ್ಮೇಲೆ ಭಾನುವಾರ ಪೂರ್ತಿ ಕೆರೇಲೇ."

"ನಿನಗೆ ಗುರಿ? ಸೂಜಿಗೆ ದಾರ ಪೋಣಿಸೋಕೆ ಹೆಂಡ್ತೀನ ಕರೀತೀಯ," ಎಂದಳು ಅಕ್ಕ.

ಪಕ್ಕದ ಅಂಗಡಿಯ ಕ್ಷೌರಿಕ ಗುರುವಾದ. ಅವನು ದೋಣಿ ಹತ್ತಿದವನಲ್ಲ, ಹತ್ತಿದವರ ಕೂದಲು ಕತ್ತರಿಸಿದವನು. "ತೇಲೋ ಜಾಕೆಟ್ ಬೇಕು. ಬಾಡಿಗೇದು ಬೇಡ, ಊರವರ ಬೆವರೆಲ್ಲ ಅದರಲ್ಲೇ ಇರತ್ತೆ." ದರ್ಜಿಗೂ ಬೇರೆಯವರ ಹೊಲಿಗೆ ತೊಡುವುದು ಅವಮಾನ. ಹಾಸಿಗೆಯ ಹತ್ತಿ ತುರುಕಿ ತಾನೇ ಒಂದು ಹೊಲಿದುಕೊಂಡ.

"ಹತ್ತಿ ತೇಲತ್ತಾ?" ಎಂದು ಹೆಂಡತಿ ಕೇಳಿದಳು.

"ಗಾಳೀಲೇ ತೇಲತ್ತಲ್ಲ ಅತ್ತಿಗೆ, ನೀರು ಯಾವ ಲೆಕ್ಕ," ಎಂದ ಕ್ಷೌರಿಕ.

ಭಾನುವಾರ ಬೆಳಿಗ್ಗೆ ಓಣಿಗೆ ಓಣಿಯೇ ಕೆರೆಯ ದಂಡೆಯಲ್ಲಿತ್ತು. ಅಕ್ಕನೂ ಬಂದಿದ್ದಳು, ದೂರದಲ್ಲಿ ಒಂದು ಮರವನ್ನು ತಬ್ಬಿಕೊಂಡು. ದೋಣಿಯವನು ಜಾಕೆಟ್ಟನ್ನು ಅಮುಕಿ ನೋಡಿ, "ಇದನ್ನ ಹಾಕ್ಕೊಂಡು ಒಳ್ಳೆ ನಿದ್ದೆ ಮಾಡ್ಬಹುದು," ಎಂದ. ದರ್ಜಿ ಅದನ್ನು ಹೊಗಳಿಕೆ ಎಂದುಕೊಂಡ.

ಆಯುಷ್ಯವಿಡೀ ಮಿಷನ್ ತುಳಿದ ಕಾಲುಗಳು. ದೋಣಿಯಲ್ಲಿ ಕೂತೊಡನೆ ಅವು ತುಳಿಯತೊಡಗಿದವು. ಹುಟ್ಟು ಹಾಕಬೇಕಾದ ಕೈಗಳು ಸೂಜಿಯಡಿ ಬಟ್ಟೆ ಸರಿಸುವಂತೆ ಮೆಲ್ಲಗೆ ಮುಂದೆ ಸರಿದವು. ದೋಣಿ ಒಂದು ಕಾಲು ಕಟ್ಟಿದ ಕೋಳಿಯಂತೆ ಇದ್ದಲ್ಲೇ ಸುತ್ತಿತು.

"ಎಡಗೈ ಎಳಿ," ಎಂದ ಕ್ಷೌರಿಕ.

"ಬಲಗೈ, ಬಲಗೈ," ಎಂದ ಬೇಕರಿಯವನು.

"ಬೆನ್ನು ನೆಟ್ಟಗೆ," ಎಂದಿತು ಮರದ ಕಡೆಯ ದನಿ.

ದರ್ಜಿ ಮೂವರ ಮಾತನ್ನೂ ಒಟ್ಟಿಗೇ ಕೇಳಿದ. ದೋಣಿ ಮಗುಚಿತು.

ಹತ್ತಿ ಬಾಯಾರಿದ ಎಮ್ಮೆಯಂತೆ ಕೆರೆಯನ್ನು ಹೀರಿತು. ದರ್ಜಿ ಮುಳುಗಿದ, ಎದ್ದ, "ಅಕ್ಕಾ" ಎಂದ, ಮತ್ತೆ ಮುಳುಗಿದ. ದೋಣಿಯವನು ಕೊಕ್ಕೆಕೋಲನ್ನು ಜಾಕೆಟ್ಟಿಗೆ ಸಿಕ್ಕಿಸಿ ಅವನನ್ನು ದಂಡೆಗೆ ಎಳೆದುಹಾಕಿದ. ಅಷ್ಟಾದರೂ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ನೀರು ಕಾರುತ್ತ ಕಣ್ಣು ಬಿಟ್ಟರೆ, ಅಕ್ಕ ಮರ ಬಿಟ್ಟು ನೀರಿನ ಅಂಚಿಗೇ ಬಂದು ನಿಂತಿದ್ದಳು. ಮುಖ ಬೆಳಗುತ್ತಿತ್ತು.

"ಇಷ್ಟು ವರ್ಷ ಸುಮ್ಸುಮ್ನೆ ಹೆದರಿದ್ದೆ ಕಣೋ. ಹಾಸಿಗೆ ಕಟ್ಕೊಂಡು ಬಿದ್ದವನೇ ಬದುಕಿ ಬಂದ ಅಂದ್ಮೇಲೆ ನೀರಲ್ಲಿ ಅಂಥಾದ್ದೇನಿದೆ." ಆಮೇಲೆ ದೋಣಿಯವನತ್ತ ತಿರುಗಿದಳು. "ಪ್ರತಿ ಭಾನುವಾರ ಇಬ್ಬರು ಕೂರೋ ದೋಣಿ ಇರ್ಲಪ್ಪ. ಇವನಿಗೆ ಗುರಿ ಇದೆಯಂತೆ. ಎದುರಿಗೆ ಕೂತು ನಾನೇ ಕಲಿಸ್ತೀನಿ."

ನಡುಕೆರೆಯಲ್ಲಿ ಎದ್ದುಹೋಗಲು ಬಾಗಿಲಿರುವುದಿಲ್ಲವೆಂದು ದರ್ಜಿಗೆ ಹೊಳೆಯುವಷ್ಟರಲ್ಲಿ, ಅಕ್ಕ ದಂಡೆಯಲ್ಲಿದ್ದ ಇನ್ನೊಂದು ದೋಣಿಯ ಕೂರುವ ಹಲಗೆಯನ್ನು ಗೇಣು ಹಾಕಿ ಅಳೆಯುತ್ತಿದ್ದಳು.

"ಹಲಗೆ ಗಟ್ಟಿ ಇದೆ. ಮನೆಗೆ ಹೋದ ತಕ್ಷಣ ಈ ಅಳತೆಗೆ ಒಂದು ದಿಂಬು ಹೊಲಿ."